ಸಮಿತಿಯ ಮುಂದೆ ಕಾಫಿ ಟ್ರೇ

ಕಾಫಿ ಲೋಟಗಳು ಟ್ರೇ ಮೇಲೆ ಒಂದಕ್ಕೊಂದು ತಾಗಿ ಸದ್ದು ಮಾಡಿದರೆ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಹೋದ ಭಾನುವಾರ ಕೋಲಾರದ ನಮ್ಮ ಪಕ್ಕದ ಮನೆಯಲ್ಲಿ ಹಾಗೇ ಆಯಿತು. ಶಾರದಮ್ಮನ ಮಗಳು ನಯನಾಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕೇಸರಿಬಾತಿಗೆ ತುಪ್ಪ ಸುರಿಯಲು ಒಬ್ಬರು ಬೇಕಲ್ಲ, ನಾನು ಅಡುಗೆಮನೆ ಸೇರಿಕೊಂಡಿದ್ದೆ. ಹಾಲ್‌ನಲ್ಲಿ ಕೂತರೆ ನನ್ನ ಬಾಯಿ ಸುಮ್ಮನಿರುವುದಿಲ್ಲ ಅಂತ ಶಾರದಮ್ಮನೇ ನನ್ನನ್ನು ಒಳಗೆ ತಳ್ಳಿದ್ದಳು ಅನ್ನೋದು ಬೇರೆ ವಿಷಯ. ನಯನ ಆಸ್ಪತ್ರೆಯ ಲ್ಯಾಬಿನಲ್ಲಿ ದಿನಾ ಊರವರ ರಕ್ತ ತೆಗೆಯುವವಳು, ಸೂಜಿ ಹಿಡಿದರೆ ಕೈ ಅಲುಗುವುದಿಲ್ಲ. ಅದೇ ಕೈಯಲ್ಲಿ ಈಗ ಟ್ರೇ ಇತ್ತು. “ಹಿರಿಯರಿಂದ ಶುರು ಮಾಡು ಕಣೇ. ಜಾಸ್ತಿ ತಲೆ ಎತ್ತಬೇಡ,” ಅಂದಳು ಶಾರದಮ್ಮ. ಲೋಟಗಳು ಸದ್ದು ಮಾಡಿದವು. ನನಗೆ ಗೌರಿ ನೆನಪಾದಳು.

ಗೌರಿ ಅನ್ನುವುದು ಅವಳ ನಿಜವಾದ ಹೆಸರಲ್ಲ, ಇಲ್ಲಿಗೆ ಹಾಗಿರಲಿ. ಅವಳ ಕಥೆಗೆ ಮುಂಚೆ ನನ್ನ ಉದ್ಯೋಗ ಏನು ಅಂತ ಹೇಳಿಬಿಡುತ್ತೇನೆ. ಮಕ್ಕಳಿಗೆ ಏನಾದರೂ ತೊಂದರೆಯಾಗಿ ವಿಚಾರಣೆ ನಡೆದಾಗ, ಅವರನ್ನು ಕೋಲಾರದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಮುಂಚೆ ಮಗುವಿನ ಜೊತೆ ಕೂತು, ಅಲ್ಲಿ ಯಾರಿರುತ್ತಾರೆ, ಏನು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಅಂತ ತಿಳಿಸಿ ಹೇಳುವವಳು ನಾನು. ಅಷ್ಟೇನಾ ಅಂತೀರಾ? ಒಂದು ಸಲ ಹೇಳಿ ನೋಡಿ, ಗೊತ್ತಾಗುತ್ತೆ.

ನಮ್ಮ ಕಡೆ ಮಕ್ಕಳಿಗೆ ಯಾರು ತಾನೇ ನಿಜ ಹೇಳುತ್ತಾರೆ? ಇಂಜೆಕ್ಷನ್ ಕೊಡಿಸಬೇಕಾದರೆ ಮಿಠಾಯಿ ಕೊಡಿಸ್ತೀನಿ ಬಾ ಅನ್ನುತ್ತೇವೆ. ಊಟ ಮಾಡದಿದ್ದರೆ ಪೊಲೀಸ್ ಬರ್ತಾನೆ ಅನ್ನುತ್ತೇವೆ, ಆಮೇಲೆ ಆ ಮಗುವೇ ಒಂದು ದಿನ ಪೊಲೀಸಿನವರ ಹತ್ತಿರ ಸಹಾಯ ಕೇಳಬೇಕಾಗಿ ಬಂದರೆ ಹೇಗೆ ಕೇಳೀತು? ನಾನು ಹುಟ್ಟಿ ಬೆಳೆದದ್ದು ಮುಳಬಾಗಿಲಿನಲ್ಲಿ, ಪೂಜೆ ಮತ್ತು ಲೆಕ್ಕಪತ್ರ ಎರಡೂ ಗೊತ್ತಿದ್ದ ಮನೆತನ, ಮಕ್ಕಳಿಗೆ ನಿಜ ಹೇಳುವುದೊಂದು ಗೊತ್ತಿರಲಿಲ್ಲ. ತಾತ ತೀರಿಕೊಂಡಾಗ ನಾನು ಚಿಕ್ಕವಳು. ಕಾಶಿಗೆ ಹೋಗಿದ್ದಾರೆ ಅಂದರು. ಸ್ಕೂಲಿಂದ ಬಂದವಳು ದಿನಾ ಜಗಲಿ ಕೆಳಗೆ ಅವರ ಚಪ್ಪಲಿ ಇದೆಯಾ ಅಂತ ನೋಡುತ್ತಿದ್ದೆ. ನನ್ನನ್ನು ಅಳಿಸಬಾರದು ಅಂತ ಹೇಳಿದ ಸುಳ್ಳು ಅದು, ಪ್ರೀತಿಯಿಂದಲೇ ಹೇಳಿದ್ದು. ಆದರೂ ಈಗಲೂ ನೆನೆಸಿಕೊಂಡರೆ ಅವರ ಮೇಲೆಲ್ಲ ಸಿಟ್ಟು ಬರುತ್ತದೆ.

ಹಾಗಂತ ಕೆಲಸಕ್ಕೆ ಸೇರಿದಾಗ ನಾನೇನು ಕಡಿದು ಕಟ್ಟೆ ಹಾಕಲಿಲ್ಲ. ತರಬೇತಿಯಲ್ಲಿ ಕಲಿತದ್ದನ್ನು ಮಕ್ಕಳಿಗೆ ಒಪ್ಪಿಸುತ್ತಿದ್ದೆ. “ನಿನ್ನ ಹಿತಾಸಕ್ತಿಯೇ ನಮಗೆ ಮುಖ್ಯ, ನಿನ್ನ ಅಭಿಪ್ರಾಯ ಪರಿಗಣಿಸುತ್ತೇವೆ.” ಮಕ್ಕಳು ಪುರೋಹಿತರ ಮಂತ್ರ ಕೇಳಿದ ಹಾಗೆ ತಲೆಯಾಡಿಸುತ್ತಿದ್ದರು. ನನಗೋ, ಆಹಾ, ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡರು ಅಂತ ಹೆಮ್ಮೆ.

ಗೌರಿ ಬಂದದ್ದು ಆ ಹೆಮ್ಮೆಯ ದಿನಗಳಲ್ಲೇ. ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿ ಹತ್ತಿರದ ಹಳ್ಳಿ. ಎಂಟನೇ ಕ್ಲಾಸು. ಗಡಿಯಾಚೆಯ ಯಾರೋ ಬಂದು ಹುಡುಗಿಯನ್ನು ನೋಡಿ, ಒಪ್ಪಿ, ಮುಹೂರ್ತವೂ ಗೊತ್ತಾಗಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಸಹಾಯವಾಣಿಗೆ ಫೋನ್ ಮಾಡಿದರು. ಅಧಿಕಾರಿಗಳು ಹೋಗಿ ಮದುವೆ ನಿಲ್ಲಿಸಿದರು. ಮುಂದೆ ಈ ಹುಡುಗಿ ಎಲ್ಲಿರಬೇಕು ಅಂತ ಸಮಿತಿ ತೀರ್ಮಾನ ಮಾಡಬೇಕಾಗಿತ್ತು. ಅಜ್ಜಿ ಅವಳನ್ನು ಕೋಲಾರಕ್ಕೆ ಕರೆತಂದಿದ್ದಳು. ದೊಡ್ಡವರ ಮುಂದೆ ಹೋಗಬೇಕಲ್ಲ ಅಂತ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು, ಮಲ್ಲಿಗೆ ಮುಡಿಸಿ, ಇದ್ದುದರಲ್ಲಿ ಒಳ್ಳೆಯ ಲಂಗ ದಾವಣಿ ಉಡಿಸಿದ್ದಳು. ನಾನು ಎಂದಿನ ಪಾಠ ಒಪ್ಪಿಸಿದೆ. ಗೌರಿ ತಲೆಯಾಡಿಸಿದಳು.

ಇನ್ನು ಸಮಿತಿ ಕೂರುವ ನಮ್ಮ ಕೋಣೆ. ಮಕ್ಕಳಿಗೆ ಕೋರ್ಟಿನ ಹಾಗೆ ಕಾಣಬಾರದು, ಮೇಜು ಅಡ್ಡ ಇರಬಾರದು, ಮನೆ ಥರ ಇರಬೇಕು ಅಂತ ನಾನೇ ಹಟ ಹಿಡಿದು ಮೇಜು ಎತ್ತಿಸಿದ್ದೆ. ಕುರ್ಚಿಗಳನ್ನು ಸಾಲಾಗಿ ಹಾಕಿಸಿ, ಎದುರಿಗೆ ಚಾಪೆ ಹಾಸಿಸಿದ್ದೆ. ತಟ್ಟೆಯಲ್ಲಿ ಬಿಸ್ಕತ್ತು, ಹೂದಾನಿಯಲ್ಲಿ ಹೂವು. ನಿಜಕ್ಕೂ ಮನೆ ಥರವೇ ಇತ್ತು. ಯಾವ ದಿನದ ಮನೆ ಅಂತ ನನಗೆ ಹೊಳೆದಿರಲಿಲ್ಲ, ಅಷ್ಟೇ.

ಸಮಿತಿಯವರು ಬಂದು ಕುರ್ಚಿಗಳಲ್ಲಿ ಕೂತರು. ಅಟೆಂಡರ್ ರಾಮಣ್ಣ ಕಾಫಿ ತಂದ. ಚಾಪೆ ಮೇಲಿದ್ದ ಗೌರಿ ಎದ್ದು, ಅವನ ಕೈಯಿಂದ ಟ್ರೇ ತೆಗೆದುಕೊಂಡಳು. ಲೋಟಗಳು ಗಡಗಡ ಅನ್ನುತ್ತಿದ್ದವು. ಎಲ್ಲರಿಗಿಂತ ಹಿರಿಯರಾದ ಅಧ್ಯಕ್ಷೆಯಿಂದ ಶುರುಮಾಡಿ ಸಾಲಾಗಿ ಎಲ್ಲರಿಗೂ ಬಗ್ಗಿ ಕಾಫಿ ಕೊಟ್ಟಳು. ಒಬ್ಬೊಬ್ಬರ ಕಾಲಿಗೂ ನಮಸ್ಕಾರ ಮಾಡಿ, ತಲೆ ತಗ್ಗಿಸಿ ನಿಂತಳು. ಎಷ್ಟು ವಿನಯವಂತೆ ಅಂತ ಎಲ್ಲರಿಗೂ ಮೆಚ್ಚುಗೆ.

“ಹೆಸರೇನಮ್ಮ?” ಅಂದರು ಅಧ್ಯಕ್ಷೆ. ಹೇಳಿದಳು. “ಎಷ್ಟನೇ ಕ್ಲಾಸು?” ಹೇಳಿದಳು. ಆಮೇಲೆ ಯಾರೂ ಕೇಳದೆಯೇ, “ಮುದ್ದೆ ಮಾಡ್ತೀನಿ. ಹಾಲು ಕರೀತೀನಿ. ಹಾಡು ಬರಲ್ಲ,” ಅಂದಳು.

ಅಯ್ಯೋ ದೇವರೇ! ನನಗೆ ಆಗ ಹೊಳೆಯಿತು. ಸ್ವಲ್ಪ ಟೈಮ್ ಕೊಡಿ ಮೇಡಂ ಅಂತ ಕೇಳಿಕೊಂಡು, ಅವಳನ್ನು ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋದೆ.

“ಗೌರಿ, ಒಳಗೆ ಕೂತಿರೋರು ಯಾರು ಅಂದ್ಕೊಂಡಿದೀಯಾ?”

“ಪೆಳ್ಳಿಚೂಪುಲಿಗೆ ಬಂದಿರೋರು,” ಅಂದಳು. ಹೆಣ್ಣು ನೋಡುವುದಕ್ಕೆ ಅವರ ಮನೆಯಲ್ಲಿ ತೆಲುಗಿನಲ್ಲಿ ಹಾಗೇ ಅನ್ನುವುದು. “ಆ ಸಂಬಂಧ ಸರ್ಕಾರದೋರು ಮುರಿದ್ರಲ್ಲ ಅಕ್ಕಾ. ಅದಕ್ಕೇ ಅವರೇ ಬೇರೆ ಕಡೆ ಕೊಡ್ತಾರಂತೆ. ಅವ್ವ ಹೇಳ್ತು.” ಅವ್ವ ಅಂದರೆ ಅವಳ ಮಾತಿನಲ್ಲಿ ಅಜ್ಜಿ.

“ನಿಂಗೆ ಇಷ್ಟಾನಾ?”

“ಇಷ್ಟ ಅಂತಾನೇ ಹೇಳ್ಬೇಕಲ್ವಾ? ಆವತ್ತೂ ಅಂಗೇ ಹೇಳಿದ್ದು.”

ಇನ್ನು ಸ್ವಲ್ಪ ಹೊತ್ತಿಗೆ ಒಳಗಿನವರು ಕೇಳುವವರಿದ್ದರು: ಮನೆಗೆ ಹೋಗ್ತೀಯಾ, ಬಾಲಮಂದಿರದಲ್ಲಿ ಇರ್ತೀಯಾ, ನಿಂಗೆ ಮನೇಲಿ ಯಾರ ಭಯಾನಾದ್ರೂ ಇದೆಯಾ? ಎಲ್ಲದಕ್ಕೂ ಈ ಹುಡುಗಿ ಹೂಂ ಅಂದುಬಿಡುತ್ತಿದ್ದಳು. ಆ ಹೂಂ ನಂಬಿಕೊಂಡು ಅವಳನ್ನು ಎಲ್ಲಿಗಾದರೂ ಕಳಿಸಿಬಿಡುತ್ತಿದ್ದರು, ಅವಳನ್ನು ಕೇಳಿಯೇ ಮಾಡಿದೆವು ಅಂತ ಎಲ್ಲರೂ ನೆಮ್ಮದಿಯಾಗಿರುತ್ತಿದ್ದರು.

ಮತ್ತೆ ಹೇಗೆ ಹೇಳಲಿ? ಗೊತ್ತಿದ್ದ ಮಾತೆಲ್ಲ ಆಗಲೇ ಒಪ್ಪಿಸಿ ಆಗಿತ್ತು. ಒಳಗೆ ಹೋಗಿ ರಾಮಣ್ಣನ ಹತ್ತಿರ ಆ ಟ್ರೇ ಕೇಳಿದೆ. “ಕಾಫಿ ಆಗೋಯ್ತು ಮೇಡಂ,” ಅಂದ. ಖಾಲಿ ಲೋಟಾನೇ ಕೊಡಪ್ಪ ಅಂದೆ. ಸೆರಗು ತಲೆ ಮೇಲೆ ಎಳೆದುಕೊಂಡು, ಟ್ರೇ ಹಿಡಿದು, ಹೊಂಗೆ ಮರದ ಕೆಳಗೆ ನಾಚಿಕೊಂಡು ಬಂದು ಅವಳ ಮುಂದೆ ಬಗ್ಗಿದೆ. ಆಫೀಸಿಗೆ ಬಂದವರೆಲ್ಲ ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಗೌರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ನೀವು ಹೆಣ್ಣಾ ಅಕ್ಕಾ?”

“ಹೂಂ. ಸ್ವಲ್ಪ ವಯಸ್ಸಾಗಿದೆ, ಅಡ್ಜಸ್ಟ್ ಮಾಡ್ಕೋ.”

ಅವತ್ತು ಅವಳು ನಕ್ಕದ್ದು ಅದೇ ಮೊದಲು. ನಾನು ಪಕ್ಕದಲ್ಲಿ ಕೂತೆ. “ನೋಡು, ಇವತ್ತು ನೋಡಕ್ಕೆ ಬಂದಿರೋಳು ನೀನು. ಒಳಗಿರೋರು ನಿನಗೆ ಒಪ್ಪಿಗೆ ಆಗ್ಬೇಕು. ನಿನ್ನ ಯಾರಿಗೂ ಕೊಡಕ್ಕೆ ಕೂತಿಲ್ಲ ಅವರು, ನೀನು ಎಲ್ಲಿದ್ರೆ ಕ್ಷೇಮ ಅಂತ ತೀರ್ಮಾನ ಮಾಡಕ್ಕೆ ಕೂತಿದಾರೆ. ತೀರ್ಮಾನ ಅವರದ್ದೇ, ಅದು ನಿಜ. ನೀನು ಹೇಳಿದ್ದೆಲ್ಲಾ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ನೀನು ಹೇಳದೇ ಇದ್ರೆ ಅವರಿಗೆ ಗೊತ್ತಾಗೋದು ಹೆಂಗೆ? ಇಷ್ಟ ಇಲ್ಲ ಅಂದ್ರೆ ಯಾರೂ ಬಯ್ಯಲ್ಲ. ಮೊದ್ಲು ನೀನೇ ಕೇಳು, ನೀನು ಹೆಣ್ಣು ನೋಡಕ್ಕೆ ಬಂದಿದ್ರೆ ಏನೇನು ಕೇಳ್ತಿದ್ದೆಯೋ ಅದನ್ನ.”

ಒಳಗೆ ಹೋದೆವು. ಈ ಸಲ ಅವಳನ್ನು ಕುರ್ಚಿ ಮೇಲೆ ಕೂರಿಸಿದೆ. ಗೌರಿ ಅಧ್ಯಕ್ಷೆಯ ಕಡೆ ತಿರುಗಿದಳು. ಆಮೇಲೆ ಸಣ್ಣ ದನಿಯಲ್ಲಿ, “ನಿಮ್ಮ ಹೆಸರೇನು?” ಅಂದಳು. ಬಾಗಿಲ ಹತ್ತಿರ ನಿಂತಿದ್ದ ಅಜ್ಜಿ, “ಏಯ್, ಪೆದ್ದೋಳ್ಳನಿ ಅಟ್ಲ ಅಡುಗುತಾರಾ?” ಅಂತ ಗದರಿದಳು, ದೊಡ್ಡವರನ್ನು ಹಾಗೆ ಕೇಳುತ್ತಾರೇನೇ ಅಂತ. ಅಧ್ಯಕ್ಷೆ ಮಾತ್ರ ಕೈಯಲ್ಲಿದ್ದ ಫೈಲು ಕೆಳಗಿಟ್ಟು, ಹೆಸರು ಹೇಳಿ, ತಾನು ಏನು ಮಾಡುವವಳು ಅಂತಲೂ ಹೇಳಿದರು. ಉಳಿದವರೂ ಸಾಲಾಗಿ ಹೇಳಿದರು, ಒಪ್ಪಿಗೆಯಾಗುತ್ತೋ ಇಲ್ಲವೋ ಅನ್ನುವ ಹಾಗೆ.

“ನಾನು ಮದ್ವೆ ಬೇಡ ಅಂದ್ರೆ ಅಪ್ಪನ್ನ ಜೈಲಿಗೆ ಹಾಕ್ತೀರಾ?”

ಅದು ಅವಳ ಎದೆಯಲ್ಲಿ ಕೂತಿದ್ದ ಪ್ರಶ್ನೆ. ಅಧ್ಯಕ್ಷೆ ಸುಳ್ಳು ಹೇಳಲಿಲ್ಲ. “ನೀನು ಬೇಡ ಅಂದಿದ್ದಕ್ಕೆ ಹಾಕಲ್ಲಮ್ಮ. ಅವರು ಮತ್ತೆ ಮದುವೆ ಮಾಡಕ್ಕೆ ಹೋದ್ರೆ ಕೇಸ್ ಆಗುತ್ತೆ. ಅದು ಅವರ ತಪ್ಪು, ನಿನ್ನದಲ್ಲ.”

ಗೌರಿ ಅಳು ಶುರುಮಾಡಿದಳು. ಅಳುತ್ತಲೇ ಎಲ್ಲಾ ಹೇಳಿದಳು. ಮನೆಗೇ ಹೋಗಬೇಕು, ಆದರೆ ಈಗ ಬೇಡ, ಅಪ್ಪನಿಗೆ ಸಿಟ್ಟಿದೆ, ಭಯ ಆಗುತ್ತೆ. ಸ್ಕೂಲು ಬಿಡಲ್ಲ. ಅವ್ವ ನೋಡಲು ಬರಬೇಕು. ಸ್ವಲ್ಪ ದಿನ ಬಾಲಮಂದಿರ, ಅಜ್ಜಿ ಬಂದು ನೋಡಬಹುದು, ಆಮೇಲೆ ಮತ್ತೆ ಕೂತು ಮಾತಾಡೋಣ ಅಂತ ತೀರ್ಮಾನವಾಯಿತು. “ಒಪ್ಪಿಗೇನಾ?” ಅಂತ ಕೇಳಿದರು. ಅವಳು ಯೋಚನೆ ಮಾಡಿ, “ಮಲ್ಲಿಗೆ ಮುಡಿಯಕ್ಕೆ ಬಿಡ್ತಾರಾ?” ಅಂತ ಕೇಳಿ, ಬಿಡ್ತಾರೆ ಅಂತ ಗೊತ್ತಾದ ಮೇಲೆ ಹೂಂ ಅಂದಳು. ಈ ಹೂಂ ಬೇರೆಯಾಗಿತ್ತು.

ಕೆಲವು ತಿಂಗಳ ಮೇಲೆ ಅವಳು ಊರಿಗೆ ಹೋದಳು, ಸ್ಕೂಲಿಗೂ ಹೋಗುತ್ತಿದ್ದಳು. ಆಮೇಲೇನಾಯಿತೋ ನನಗೆ ತಿಳಿಯದು. ಈ ಉದ್ಯೋಗದಲ್ಲಿ ಕಥೆಯ ಕೊನೆ ನಮಗೆ ಸಿಗುವುದಿಲ್ಲ. ಶ್ರೀನಿವಾಸಪುರದ ಬಸ್ಸಿನಲ್ಲಿ ಮಲ್ಲಿಗೆ ಮುಡಿದವರನ್ನು ಕಂಡರೆ ಈಗಲೂ ಮುಖ ನೋಡುತ್ತೇನೆ.

ನೋಡಿ, ನಯನಾಳನ್ನು ಅಡುಗೆಮನೆಯಲ್ಲೇ ನಿಲ್ಲಿಸಿ ಎಲ್ಲಿಗೆ ಹೋಗಿಬಿಟ್ಟೆ. ಲೋಟಗಳು ಇನ್ನೂ ಸದ್ದು ಮಾಡುತ್ತಿದ್ದವು. ನಾನು ಟ್ರೇ ಕಿತ್ತುಕೊಂಡೆ.

“ಆಂಟಿ, ಏನ್ಮಾಡ್ತಿದೀರಾ?”

“ಹೋಗಿ ಅವರ ಎದುರಿಗೆ ಕೂತ್ಕೋ. ಏನು ಕೇಳ್ಬೇಕು ಅಂತಿದೀಯೋ ಕೇಳು. ಕಾಫಿ ನಾನು ತರ್ತೀನಿ.”

ಶಾರದಮ್ಮ ಹಣೆ ಚಚ್ಚಿಕೊಂಡಳು. ನಯನ ನನ್ನ ಮುಖ ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡಳು, ಹೋದಳು. ನಾನು ಹಾಲ್‌ಗೆ ಬರುವ ಹೊತ್ತಿಗೆ ಅವಳು ಹುಡುಗನ ತಾಯಿಯನ್ನು ಕೇಳುತ್ತಿದ್ದಳು, “ನೀವು ಏನು ಓದಿದೀರಾ ಆಂಟಿ?” ಆಯಮ್ಮ, ನನ್ನನ್ನ ಇದುವರೆಗೂ ಯಾರೂ ಕೇಳೇ ಇಲ್ಲ ನೋಡು ಅಂತ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಹುಡುಗನ ತಾತ ಲೋಟಕ್ಕೆ ಕೈ ಚಾಚಿದರು. ಕ್ಷಮಿಸಿ ಅಂದೆ, ಮೊದಲ ಲೋಟ ನಯನಾಳ ಮುಂದೆ ಹಿಡಿದೆ.