ಸವಿತಾಳ ಮೊಳ

ಭಟ್ಕಳ ಬಸ್ ನಿಲ್ದಾಣದ ಹೊರಗೆ ಮಲ್ಲಿಗೆ ಮಾರುವವರ ಸಾಲು. ಎಲ್ಲರ ಬುಟ್ಟಿಯಲ್ಲೂ ಅದೇ ಹೂವು, ಮೊಳಕ್ಕೆ ಅದೇ ದರ. ಆದರೂ ಹೆಂಗಸರೆಲ್ಲ ಕೊನೆಯ ಬುಟ್ಟಿಗೇ ಮುತ್ತಿದ್ದರು. ಹೊನ್ನಾವರದ ಬಸ್ಸಿಗೆ ಇನ್ನೂ ಹೊತ್ತಿತ್ತು, ನಾನೂ ನುಗ್ಗಿದೆ.

ಅಲ್ಲಿ ಕೂತವಳು ಸವಿತಾ. ಮೊಳ ಹಾಕುವುದು ಮಾರುವವರ ಕೈಯಲ್ಲಿ, ಮೊಣಕೈಯಿಂದ ಬೆರಳ ತುದಿಯವರೆಗೆ. ಅವಳ ಮೊಳ ಉಳಿದವರದಕ್ಕಿಂತ ನಾಲ್ಕು ಬೆರಳು ಉದ್ದ.

"ಮನೇಲಿ ಗಂಡು ಹುಡುಗ ಅಂತ ಬೆಳೆಸಿದ್ರು ಅಕ್ಕಾ," ಎಂದಳು ನನಗೆ ಹೂ ಅಳೆಯುತ್ತ. "ಸೀರೆ ಉಟ್ಟ ಹೊಸದರಲ್ಲಿ ಈ ಕೈ ಅಡಗಿಸೂಕೆ ಉದ್ದ ತೋಳಿನ ರವಿಕೆ ಹೊಲಿಸಿದ್ದೆ. ಈಗ ಎಂತಕ್ಕೆ ಅಡಗಿಸೂದು?"

ಪಕ್ಕದ ಬುಟ್ಟಿಯ ಮುದುಕಿ ನಾಗವೇಣಿಗೆ ಹೊಟ್ಟೆಯುರಿ. "ಹೀಂಗೆ ಅಳೆದ್ರೆ ನಾವೆಲ್ಲ ಎಂತ ಮಾಡೂದು?" ಎಂದು ಗೊಣಗುತ್ತಲೇ ಇದ್ದಳು. ಅಷ್ಟರಲ್ಲಿ ಅವಳಿಗೂ ಒಬ್ಬ ಗಿರಾಕಿ ಸಿಕ್ಕಳು. ಮುದುಕಿ ತನ್ನ ಗಿಡ್ಡ ಕೈ ಚಾಚಿದ್ದೇ ತಡ, ಆಕೆ ಸವಿತಾಳ ಕಡೆ ತೋರಿಸಿ, "ಆ ಕೈಯಲ್ಲಿ ಮೊಳ ಹಾಕಿದ್ರೆ ಮಾತ್ರ ತಕಂತೆ" ಎಂದಳು.

ನಾಗವೇಣಿ ಮುಖ ಗಂಟಿಕ್ಕಿದಳು. ಗಿರಾಕಿ ಹೊರಡುವಂತೆ ಕಂಡಾಗ ಮಾಲೆಯ ತುದಿಯನ್ನು ಸವಿತಾಳತ್ತ ಚಾಚಿದಳು.

"ಆತು, ಬಾ ಮಗಳೇ. ಕೈ ಕೊಡು."