ಹಿಟ್ಟು, ನೀರು, ಯೀಸ್ಟು, ಉಪ್ಪು

ಇವತ್ತು ಬೆಳಿಗ್ಗೆ ಓವನ್ನಿನ ಬಾಗಿಲು ತೆಗೆದೆ. ಹಬೆ ಹೊಡೆದು ಕನ್ನಡಕ ಮಂಜಾಯಿತು. ಹಿಂದೆಯೇ ಕೆಂಪಗೆ ಬೆಂದ ಹಿಟ್ಟಿನ ಘಮ. ಸ್ಯಾನ್ ಮಟಿಯೋದ ಹಳೇ ಅಪಾರ್ಟ್‌ಮೆಂಟು, ಪಕ್ಕದ ಮನೆಯ ಜರ್ಮನ್ ಅಜ್ಜಿ… ಎಲ್ಲಾ ಒಟ್ಟಿಗೆ ನೆನಪಾಯಿತು. ಪ್ರೀತಿಯಿಂದ ನೆನಪಾಯಿತು ಅಂದರೆ ಸುಳ್ಳು. ಸಿಟ್ಟು ಬಂತು. ಇಷ್ಟು ವರ್ಷ ಆದರೂ ಬರುತ್ತೆ.

ಅಜ್ಜಿ ಮಾಡುತ್ತಿದ್ದದ್ದು ನಮ್ಮ ಬೇಕರಿಯ ಸಿಹಿ ಬನ್ನಲ್ಲ. ಅಂಗೈಯಗಲ, ಮೇಲೆ ಗರಿಗರಿ, ಒಳಗೆ ಹತ್ತಿ. ಅವರೂರಲ್ಲಿ ಭಾನುವಾರದ ತಿಂಡಿಗೆ ಅದೇ ಅಂತೆ. ಒಬ್ಬರೇ ಇದ್ದರು. ಮಗಳು ಲಾಸ್ ಗ್ಯಾಟೋಸಿನಲ್ಲಿ. ಫ್ರೀವೇ ಹಿಡಿದರೆ ಮುಕ್ಕಾಲು ಗಂಟೆ ದಾರಿ, ಆದರೂ ಬರುತ್ತಿದ್ದದ್ದು ಅಮಾವಾಸ್ಯೆಗೋ ಹುಣ್ಣಿಮೆಗೋ. ಲಾಂಡ್ರಿ ರೂಮಿನಲ್ಲಿ ಪರಿಚಯವಾಗಿ, ಭಾನುವಾರ ಬಾ, ಬನ್ನು ಕಲಿಸ್ತೀನಿ ಅಂದರು. ನಾವು ಮೊಟ್ಟೆನೂ ತಿನ್ನಲ್ಲ, ಇದರಲ್ಲಿ ಏನೇನಿರುತ್ತೆ ಅಂತ ನಾನು ಮೊದಲೇ ಕೇಳಿದೆ. ಹಿಟ್ಟು, ನೀರು, ಯೀಸ್ಟು, ಉಪ್ಪು ಅಂತ ಬೆರಳು ಮಡಚಿ ಹೇಳಿದರು.

ನಾನು ಹೋಗುವ ಹೊತ್ತಿಗೆ ಹಿಟ್ಟು ನಾದಿ ಬಟ್ಟೆ ಮುಚ್ಚಿಟ್ಟಿರುತ್ತಿದ್ದರು. ಉಂಡೆ ಕಟ್ಟೋದು, ನೆತ್ತಿಗೆ ಬ್ಲೇಡಿನಿಂದ ಗೀರು ಹಾಕೋದು, ಓವನ್ನಿನ ತಳದ ತಟ್ಟೆಗೆ ನೀರು ಸುರಿದು ಹಬೆ ಎಬ್ಬಿಸೋದು ನನ್ನ ಪಾಲು. ಚಪಾತಿ ಹಿಟ್ಟಿನ ಹಾಗೆ ಅದುಮಿದರೆ ಕೈಗೊಂದು ಏಟು ಬೀಳುತ್ತಿತ್ತು. ನಗುತ್ತಿದ್ದೆವು. ಅಮ್ಮನ ಅಡುಗೆಮನೇಲಿ ಕೂತ ಹಾಗಿರುತ್ತಿತ್ತು ನನಗೆ.

ಆ ವರ್ಷ ಹಾಸನದಿಂದ ಅತ್ತೆ ಬಂದರು. ಮಡಿ ಹೆಂಗಸು, ವಿಮಾನದಲ್ಲಿ ಬರೀ ಬಾಳೆಹಣ್ಣು ತಿಂದು ಬಂದವರು. ಅಂಥವರಿಗೆ ನಾನೇ, ಕೇಳಿದೀನಿ ಅತ್ತೆ, ಏನೂ ಹಾಕಲ್ಲ ಅಂದೆ. ನನ್ನ ಮಾತಿನ ಮೇಲೆ ತಿಂದರು. ಆಮೇಲೆ ಬೆಣ್ಣೆ, ಚಟ್ನಿಪುಡಿ ಹಚ್ಚಿಕೊಂಡು ಸೋಮವಾರದ ಒಪ್ಪತ್ತಿಗೂ ಅದೇ ಬೇಕಾಯಿತು. ಆ ಅಜ್ಜಿಗೆ ಚಿತ್ರಾನ್ನ ಕಳಿಸಿದ್ದೇನು, ಬಾಗಿಲಲ್ಲಿ ನಿಂತು ಕನ್ನಡದಲ್ಲೇ ಹರಟಿದ್ದೇನು!

ನವೆಂಬರಿನಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕಿಡಬೇಕಲ್ಲ, ಆ ಭಾನುವಾರ ನಮ್ಮ ಗೋಡೆ ಗಡಿಯಾರ ತಿರುಗಿಸೋದು ಮರೆತಿದ್ದೆ. ಗಂಟೆ ಮುಂಚೆಯೇ ಹೋಗಿ ಬಾಗಿಲು ತಳ್ಳಿದೆ. ಅಜ್ಜಿ ಬೆಳ್ಳಗಿರುವುದೇನನ್ನೋ ಹಿಟ್ಟಿಗೆ ಹಾಕಿ ನಾದುತ್ತಿದ್ದರು. ಪಕ್ಕದ ಡಬ್ಬದ ಮೇಲೆ ಹಂದಿಯ ಚಿತ್ರ.

ಏನದು ಅಂದೆ. ಹಂದಿ ಕೊಬ್ಬು ಅಂದರು. ಅವರಮ್ಮನೂ ಹಾಗೇ ಮಾಡುತ್ತಿದ್ದರಂತೆ, ಅದಿಲ್ಲದಿದ್ದರೆ ಆ ಗರಿ ಬರಲ್ಲವಂತೆ. ಮೊದಲ ದಿನದಿಂದಲೂ ಹಾಕ್ತಿದ್ದೀರಾ ಅಂದೆ. ಹೂಂ ಅಂದರು. ನಾನು ಕೇಳಿದ್ದೆನಲ್ಲ ಅಂದಾಗ ತಲೆ ತಗ್ಗಿಸಿದರು.

"ಹೇಳಿದ್ದಿದ್ದರೆ ನೀನು ಬರ್ತಾನೇ ಇರಲಿಲ್ಲ."

ಕೊಬ್ಬಿನ ಹೇಸಿಗೆ ಹೋಗಲಿ, ಬಾಯಿ ತೊಳೆದರೆ ಆಯಿತು. ನಂಬಿಸಿ ಕತ್ತು ಕುಯ್ಯೋದು ಅಂತಾರಲ್ಲ, ಅದನ್ನು ಹೇಗೆ ತೊಳೆಯೋದು? ನನ್ನ ಕೈಯಲ್ಲೇ ಅತ್ತೆಗೆ ತಿನ್ನಿಸಿದರಲ್ಲ! ಮನೆಗೆ ಬಂದಾಗ ಬನ್ನೆಲ್ಲೇ ಅಂದರು ಅತ್ತೆ. ಅಜ್ಜಿಗೆ ಹುಷಾರಿಲ್ಲ ಅಂದೆ.

ಆಮೇಲೆ ಕೆಲವು ವಾರ ನಮ್ಮ ಬಾಗಿಲ ಹಿಡಿಗೆ ಬನ್ನಿನ ಚೀಲ ನೇತಾಡುತ್ತಿತ್ತು. ತೆಗೆದು ಕಸಕ್ಕೆ ಹಾಕಿದೆ. ಒಬ್ಬಂಟಿ ಮುದುಕಿ, ಬಿಟ್ಟುಬಿಡೇ ಅಂದರು ನಮ್ಮವರು. ನಾನು ಬಿಡಲಿಲ್ಲ. ಒಂದು ದಿನ ಅವರ ಮಗಳು ಬಂದು ಅಜ್ಜಿಯನ್ನು ಯಾವುದೋ ಕೇರ್ ಹೋಮಿಗೆ ಕರೆದುಕೊಂಡು ಹೋದಳು. ಜಗಳ ಆಡೋಕಾದರೂ ಒಂದು ಸಲ ಹೋಗಬಹುದಿತ್ತು… ಹೋಗಲಿಲ್ಲ. ಹೋದ ತಿಂಗಳು ತೀರಿಕೊಂಡರಂತೆ. ಹಳೇ ಅಪಾರ್ಟ್‌ಮೆಂಟಿನ ಮ್ಯಾನೇಜರು ಗ್ರೋಸರಿಯಲ್ಲಿ ಸಿಕ್ಕಿ ಹೇಳಿದ.

ಅದಕ್ಕೇ ಇರಬೇಕು, ಇವತ್ತು ಬೆಣ್ಣೆ ಹಾಕಿ ನಾನೇ ಮಾಡಿದೆ. ಗರಿ ಬರಲಿಲ್ಲ. ಆಗ ಚಿಕ್ಕವಳಿದ್ದ ನನ್ನ ಮಗಳು ಒಂದು ತುಂಡು ತಿಂದು, "ನಾಟ್ ಲೈಕ್ ಹರ್ಸ್" ಅಂದು ಎದ್ದು ಹೋದಳು.

ಸಂಜೆ ವಿಡಿಯೋ ಕಾಲಿನಲ್ಲಿ ಅತ್ತೆ ಬನ್ನಿನ ತಟ್ಟೆ ನೋಡಿ ಅಜ್ಜಿಯನ್ನು ವಿಚಾರಿಸಿದರು. ಹೋದರು ಅಂದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಿಜ ನನ್ನ ನಾಲಿಗೆ ತುದೀಲಿತ್ತು. ಹೇಳಿದರೆ ಈ ವಯಸ್ಸಲ್ಲಿ ಅನ್ನ ಬಿಟ್ಟು ಕೂರುತ್ತಾರೆ. ಹೇಳದಿದ್ದರೆ ಆ ಅಜ್ಜಿಯ ಸುಳ್ಳನ್ನು ಸಾಯೋವರೆಗೂ ನಾನು ಸಾಕಬೇಕು.

"ಪರದೇಶದಲ್ಲಿ ನನ್ನ ಮಡಿ ಕಾಪಾಡಿದ ತಾಯಿ ಕಣೇ ಆಕೆ," ಅಂದರು ಅತ್ತೆ. "ಇಲ್ಲಿ ಆಗಲೇ ಸೋಮವಾರ, ಆಕೆ ಹೆಸರಲ್ಲಿ ಗುಡೀಲಿ ಒಂದು ದೀಪ ಹಚ್ತೀನಿ."

"ಹಚ್ಚಿ ಅತ್ತೆ," ಅಂದೆ.