ತಿರುಗದೆ ಉಳಿದ ತಟ್ಟೆ

ನಮ್ಮ ಸಾಲ್ಬಿಂಗ್ ಅತ್ತೆ ದೋಣಿಕಟ್ಟೆಯ ಪಕ್ಕ ಮೂವತ್ತು ವರ್ಷ ಅನ್ನದಂಗಡಿ ನಡೆಸಿದವಳು. ಊಟದ ನಡುವೆ ಯಾರಾದರೂ ಪ್ರಯಾಣಕ್ಕೆ ಎದ್ದರೆ, ಉಣ್ಣುತ್ತಿರುವವರೆಲ್ಲ ತಮ್ಮ ತಮ್ಮ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಬೇಕು. ಇಲ್ಲದಿದ್ದರೆ ಹೋದವರಿಗೆ ದಾರಿಯಲ್ಲಿ ಕೇಡಾಗುತ್ತದೆ ಎನ್ನುವುದು ನಮ್ಮ ನಂಬಿಕೆ. ಗಿರಾಕಿಗಳು ಮರೆತರೆ ಅತ್ತೆಯೇ ಒಳಗಿನಿಂದ ಓಡಿಬಂದು ತಿರುಗಿಸುತ್ತಿದ್ದಳು.

ಈ ಸಲ ಹೊರಟವಳು ಅವಳೇ. ಎದುರಿನ ದ್ವೀಪದ ಕಡಲತೀರದ ಊರೊಂದರಲ್ಲಿ ಮೂರು ದಿನ, ಬದುಕಿನ ಮೊದಲ ರಜೆ. ವಾರವಿಡೀ ಅದೇ ಮಾತು.

"ಅಲ್ಲಿ ಹೋಗಿ ಏನ್ ಮಾಡ್ತೀಯ ಅತ್ತೆ?"

"ಏನೂ ಮಾಡಲ್ಲ ಕಣೇ. ಮರಕ್ಕೆ ಕಟ್ಟಿದ ಜೋಲೀಲಿ ಮಲಗ್ತೀನಿ. ಬೇರೆಯವ್ರು ಮಾಡಿದ ಮೀನು ತಿಂದು, ಉಪ್ಪು ಸಾಲದು ಅಂತೀನಿ."

ಹೊರಡುವ ದಿನ ಒಂದಿಷ್ಟೂ ಗಾಳಿಯಿರಲಿಲ್ಲ. ಕಡಲು ಎಣ್ಣೆ ಹರವಿದಂತೆ ಬಿದ್ದಿತ್ತು. ನಾವು ಆರೇಳು ಜನ ಊಟಕ್ಕೆ ಕುಳಿತಿದ್ದಾಗ ದೋಣಿ ನಡೆಸುವ ನೊನಿಟೊ ಬಾಗಿಲಿಗೆ ಬಂದ.

"ಅಕ್ಕಾ, ಎರಡು ಗಂಟೆಗಲ್ಲ, ಈಗ್ಲೇ ಹೊರಡೋಣ. ದಕ್ಷಿಣದಲ್ಲಿ ಮೋಡ ನೋಡಿದ್ಯಾ?"

"ನೋಡ್ದೆ ಕಣೋ. ರಜೆಗೆ ಹೋಗೋಳಿಗೆ ನೆರಳು ಬೇಡ್ವಾ?"

ಎಲ್ಲರೂ ನಕ್ಕರು. ಮೇಜಿನ ಮೇಲೆ ತಟ್ಟೆಗಳು ಸದ್ದು ಮಾಡುತ್ತ ತಿರುಗಿದವು. ನಾನು ಅವಳ ಚೀಲ ಎತ್ತಿಕೊಂಡು ದಡಕ್ಕೆ ಓಡಿದೆ. ದೋಣಿ ದೂರವಾಗುವವರೆಗೂ ಅವಳು ಹೊಸ ಹ್ಯಾಟು ಬೀಸುತ್ತಿದ್ದಳು.

ಮರಳಿ ಬಂದಾಗ ಅಂಗಡಿ ಬರಿದಾಗಿತ್ತು. ನನ್ನ ಅರ್ಧ ಉಂಡ ತಟ್ಟೆ, ನಾನು ಎದ್ದಾಗ ಇದ್ದ ಹಾಗೆಯೇ ಇತ್ತು. ಚಮಚದ ತುದಿ ಕಡಲಿನ ಕಡೆಗೆ. ಮರೆತವರ ತಟ್ಟೆ ತಿರುಗಿಸುವವಳು ದೋಣಿಯಲ್ಲಿದ್ದಳು.

ತಿರುಗಿಸಿದೆ. ಮತ್ತೆ ತಿರುಗಿಸಿದೆ. ಮೂರನೆಯ ಸಲ ಕೈಯಿಟ್ಟಾಗ ಆ ದಿನದ ಮೊದಲ ಗಾಳಿ ಒಳನುಗ್ಗಿ, ಅತ್ತೆ ಮುಚ್ಚಿಟ್ಟಿದ್ದ ಕಿಟಕಿಯ ಬಾಗಿಲನ್ನು ತೆರೆದು ಗೋಡೆಗೆ ಬಡಿಯಿತು.